ನಮ್ಮ ಹೊಳೆಯ ಆಮೆಗೆ ದೇವಸ್ಥಾನವಿಲ್ಲ

ಊರಿಗೆ ವಾಪಸ್ ಹೋದ ಮೇಲೆ ನೀವು ಕೇಳಿದ ಪ್ರಶ್ನೆ ನನ್ನ ತಲೆಯಲ್ಲೇ ಸುತ್ತುತ್ತಿದೆ. "ಕಾಸರಗೋಡಿನಲ್ಲಿ ಹುಲಿ ಕಾಡಿಲ್ಲ, ಸಫಾರಿ ಇಲ್ಲ. ಹಾಗಾದ್ರೆ ಅಲ್ಲಿ ಪ್ರಾಣಿ ಉಳಿಸುವವರು ಉಳಿಸುವುದಾದರೂ ಏನನ್ನು?" ಮೊದಲು ಸ್ವಲ್ಪ ಸಿಟ್ಟು ಬಂತು. ಆಮೇಲೆ ಅನಿಸಿತು, ತಪ್ಪು ನಿಮ್ಮದಲ್ಲ. ನಮ್ಮ ಜಿಲ್ಲೆಯ ಬಗ್ಗೆ ಆ ಕಡೆ ಬರುವ ಸುದ್ದಿಯೆಲ್ಲ ಭಾಷೆಯದ್ದು, ಗಡಿಯದ್ದು, ಇಲ್ಲವೇ ಎಂಡೋಸಲ್ಫಾನ್ ಎಂಬ ಕೀಟನಾಶಕದ್ದು. ಹೊಳೆಯ ತಳದಲ್ಲಿ ಹೂತುಕೊಂಡು ಮಲಗಿರುವ ಪ್ರಾಣಿಯ ಸುದ್ದಿಯನ್ನು ಯಾರು ಬರೆಯುತ್ತಾರೆ?

ನಿಮಗೆ ಗೊತ್ತಿರುವ ಕಡೆಯಿಂದಲೇ ಶುರು ಮಾಡುತ್ತೇನೆ. ಕುಂಬಳೆ ಹತ್ತಿರದ ಅನಂತಪುರದ ಕೆರೆ ದೇವಸ್ಥಾನಕ್ಕೆ ನಿಮ್ಮನ್ನು ಕರೆದುಕೊಂಡು ಹೋಗಿದ್ದೆನಲ್ಲ. ಅಲ್ಲಿದ್ದ ಮೊಸಳೆ ಬಬಿಯಾ ನೈವೇದ್ಯದ ಅನ್ನ ತಿಂದು ಬದುಕುತ್ತದೆ ಎಂದು ಊರೆಲ್ಲ ನಂಬಿತ್ತು. 2022ರ ಅಕ್ಟೋಬರಿನಲ್ಲಿ ಅದು ಸತ್ತಾಗ ಜನ ಸಾಲುಗಟ್ಟಿ ಬಂದರು, ಹೂವಿನ ಹಾರ ಹಾಕಿದರು, ದೇವಸ್ಥಾನದ ಜಾಗದಲ್ಲೇ ಮಣ್ಣು ಮಾಡಿದರು. ಅಷ್ಟು ವರ್ಷ ಆ ಮೊಸಳೆಗೆ ಒಬ್ಬನೂ ಕಲ್ಲು ಹೊಡೆಯಲಿಲ್ಲ. ಗಡಿಯಾಚೆ ಸುಳ್ಯದ ಕಡೆ ತೊಡಿಕಾನದಲ್ಲೂ ಅಷ್ಟೇ. ದೇವಸ್ಥಾನದ ಹತ್ತಿರದ ಹೊಳೆಗುಂಡಿಯ ಮೀನು ದೇವರದ್ದು, ಅದಕ್ಕೆ ಯಾರೂ ಗಾಳ ಹಾಕುವುದಿಲ್ಲ. ದೇವರ ಲೆಕ್ಕಕ್ಕೆ ಸೇರಿದ ಪ್ರಾಣಿಗೆ ನಮ್ಮಲ್ಲಿ ಚಿಂತೆಯಿಲ್ಲ.

ನಮ್ಮ ಚಂದ್ರಗಿರಿ ಹೊಳೆಯ ಆಮೆಗೆ ಮಾತ್ರ ಆ ಭಾಗ್ಯ ಬರಲಿಲ್ಲ.

ಅದನ್ನು ನೀವು ನೋಡಿಲ್ಲ. ಹೊಳೆ ದಡದಲ್ಲೇ ಹುಟ್ಟಿದ ನಾನು ಜೀವಂತವಾಗಿ ನೋಡಿದ್ದೂ ಒಂದೇ ಸಲ. ಮಲಯಾಳದಲ್ಲಿ ಭೀಮನಾಮ ಅನ್ನುತ್ತಾರೆ, ಪಾಲಪೂವನ್ ಎಂಬ ಹೆಸರೂ ಇದೆ. ವಿಜ್ಞಾನದವರು ಕ್ಯಾಂಟರ್ಸ್ ಜೈಂಟ್ ಸಾಫ್ಟ್‌ಶೆಲ್ ಟರ್ಟಲ್ ಅನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆಂದೇ ಒಂದು ಹೆಸರು ನಮ್ಮ ಮನೆಯಲ್ಲಂತೂ ಇರಲಿಲ್ಲ. 'ದೊಡ್ಡ ಆಮೆ' ಅಂದರೆ ಮುಗಿಯಿತು. ಬೆನ್ನ ಮೇಲೆ ಗಟ್ಟಿ ಚಿಪ್ಪಿಲ್ಲ. ಒದ್ದೆ ಚರ್ಮದ ಹಾಗೆ ನುಣ್ಣಗೆ, ಪಾಚಿ ಕಟ್ಟಿದ ಬಂಡೆಯ ಬಣ್ಣ. ತಲೆ ಅಗಲ, ಕಣ್ಣೆರಡೂ ಮೂತಿಯ ತುದಿಗೆ ಹತ್ತಿರ. ಮುಖ ನೋಡಿದರೆ ಆಮೆ ಅನಿಸುವುದಿಲ್ಲ, ಕಪ್ಪೆ ಅನಿಸುತ್ತದೆ. ಚೆನ್ನಾಗಿ ಬೆಳೆದರೆ ಒಂದು ಮೀಟರು ಉದ್ದ, ನೂರು ಕಿಲೋ ದಾಟಿದ ತೂಕ. ಅಷ್ಟು ದೊಡ್ಡ ಜೀವ ಬದುಕಿನ ನೂರರಲ್ಲಿ ತೊಂಬತ್ತೈದು ಪಾಲನ್ನು ಹೊಯಿಗೆಯೊಳಗೆ ಅಲುಗಾಡದೆ ಕಳೆಯುತ್ತದೆ ಎನ್ನುತ್ತಾರೆ. ಉಸಿರಾಡಲು ಮೇಲೆ ಬರುವುದು ದಿನಕ್ಕೆ ಎರಡು ಸಲ. ಮೀನು ತಾನಾಗಿ ಹತ್ತಿರ ಬರುವ ತನಕ ಕಾಯುವ ಪ್ರಾಣಿ. (ಹೊಯಿಗೆ ಅಂದರೆ ನಿಮ್ಮ ಮರಳು. ನಿಮ್ಮ ಕಡೆಯ 'ಮರಳು' ಕೇಳಿದರೆ ನಮ್ಮ ಅಜ್ಜಿಗೆ 'ಮರುಳು' ಎಂದೇ ಕೇಳಿಸುತ್ತಿತ್ತು.)

ನಾನು ನೋಡಿದ್ದು ಹೇಗೆ ಅಂದರೆ, ನಮ್ಮ ಮನೆಯಿಂದ ಎರಡು ತೋಟ ಆಚೆಗೆ ಒಬ್ಬ ಅಣ್ಣ ಇದ್ದಾರೆ. ಹಗಲು ಅಡಿಕೆ ಕೊಯ್ಯುವ ಕೆಲಸ, ರಾತ್ರಿ ಹೊಳೆಯಲ್ಲಿ ಗಾಳ. ಒಂದು ಬೆಳಿಗ್ಗೆ ಗಾಳ ಎಳೆದರೆ ಬರಲಿಲ್ಲ. ಕೊರಡಿಗೆ ಸಿಕ್ಕಿಕೊಂಡಿದೆ ಅಂದುಕೊಂಡು ಜೋರಾಗಿ ಎಳೆದಿದ್ದಾರೆ. ಕೊರಡು ತಿರುಗಿ ಎಳೆದಿದೆ. ನಮ್ಮ ಜಗಲಿಗೆ ಬಂದು, "ನೀನೊಮ್ಮೆ ಬಾ, ಹೆಚ್ಚು ಮಾತಾಡ್ಬೇಡ" ಅಂದರು. ಹೋದರೆ ದಡದ ಹೊಯಿಗೆಯ ಮೇಲೆ ಅದು ಚಪ್ಪಟೆಯಾಗಿ ಮಲಗಿತ್ತು. ಗಾಳ ಬಾಯಿಯ ಅಂಚಿನಲ್ಲಿತ್ತು, ಪುಣ್ಯಕ್ಕೆ ನುಂಗಿರಲಿಲ್ಲ. ನಾನು ಹತ್ತಿರ ಬಗ್ಗಿದೆ. ಇಷ್ಟುದ್ದ ಅಂದುಕೊಂಡಿದ್ದ ಕತ್ತು ಅದರ ಎರಡರಷ್ಟು ಹೊರಗೆ ಬಂತು, ಟಪ್ ಅಂತ ಬಾಯಿ ಮುಚ್ಚಿತು. ನನ್ನ ಬೆರಳು ಇವತ್ತು ಐದೂ ಇದ್ದರೆ ಅದು ಆ ಅಣ್ಣ ನನ್ನ ಅಂಗಿ ಹಿಡಿದು ಹಿಂದಕ್ಕೆ ಎಳೆದದ್ದರಿಂದ.

ಅವರ ಮುಖದಲ್ಲಿ ಇದ್ದದ್ದು ಆಮೆಯ ಹೆದರಿಕೆಯಲ್ಲ, ಕೇಸಿನ ಹೆದರಿಕೆ. ಈ ಆಮೆ ವನ್ಯಜೀವಿ ಕಾಯಿದೆಯ ಒಂದನೇ ಶೆಡ್ಯೂಲಿನಲ್ಲಿದೆ, ಅಂದರೆ ಕಾನೂನಿನ ಕಣ್ಣಿಗೆ ಹುಲಿಯ ಸಾಲಿನದ್ದೇ. "ಮೊದಲೆಲ್ಲ ಸಿಕ್ಕಿದರೆ ಹಂಚಿಕೊಂಡು ತಿನ್ನುತ್ತಿದ್ದರು, ಸುಳ್ಳೇಕೆ ಹೇಳಬೇಕು" ಅಂದರು. "ಈಗ ತಿಂದರೂ ಕಷ್ಟ, ಸಿಕ್ಕಿತು ಅಂತ ಹೇಳಿದರೂ ಕಷ್ಟ." ಹಾಗಾಗಿ ಹಲವು ಕಡೆ ಏನಾಗುತ್ತಿತ್ತು ಗೊತ್ತಾ? ಸಿಕ್ಕಿದ್ದನ್ನು ಯಾರಿಗೂ ಹೇಳದೆ ದಾರ ಕತ್ತರಿಸಿ ಬಿಡುವುದು, ಗಾಳ ಹೊಟ್ಟೆಯೊಳಗೇ ಉಳಿಯುವುದು. ಪ್ರಾಣಿಯೂ ಹೋಯಿತು, ಸುದ್ದಿಯೂ ಹೋಯಿತು.

ಆ ದಿನ ಹಾಗಾಗಲಿಲ್ಲ. ಅಣ್ಣನ ಹತ್ತಿರ ಒಂದು ಫೋನ್ ನಂಬರ್ ಇತ್ತು.

ಆ ನಂಬರಿನ ಹಿಂದೆ ಒಂದು ಕತೆಯಿದೆ. ಆಯುಷಿ ಜೈನ್ ಎಂಬ ಸಂಶೋಧಕಿ ಈ ಆಮೆಯನ್ನು ಹುಡುಕಿಕೊಂಡು ಚಂದ್ರಗಿರಿ ದಡಕ್ಕೆ ಬಂದರು. ಉತ್ತರ ಭಾರತದ ಹುಡುಗಿ, ಮಲಯಾಳವೂ ಬಾರದು, ತುಳು ಕನ್ನಡ ಕೇಳುವುದೇ ಬೇಡ. ಇಲ್ಲಿ ಆಮೆ ಇದೆ ಎಂದರೆ ನಂಬುವವರೇ ಕಡಿಮೆ ಇದ್ದ ಕಾಲ ಅದು. ಅವರು ಮಾಡಿದ್ದು ಇಷ್ಟೇ: ಕ್ಯಾಮರಾ ಹಿಡಿದು ಹೊಳೆಯಲ್ಲಿ ಇಳಿಯುವ ಮೊದಲು ಹೊಳೆಯವರ ಜಗಲಿಯಲ್ಲಿ ಕುಳಿತರು. ಎಲ್ಲಿ ನೋಡಿದ್ದೀರಿ, ಯಾವ ತಿಂಗಳಲ್ಲಿ, ಎಷ್ಟು ದೊಡ್ಡದು, ಬಲೆಗೆ ಸಿಕ್ಕಿತ್ತಾ ಗಾಳಕ್ಕಾ ಎಂದು ಕೇಳುತ್ತಾ ಹೋದರು. ಪಾಠ ಮಾಡಲಿಲ್ಲ. ಕೇಳಿ ಕೇಳಿ ಹೊಳೆಯ ನಕ್ಷೆ ಬಂತು. ಸಿಕ್ಕಿದಾಗ ತಿಳಿಸುವ ಜನರದ್ದೇ ಒಂದು ಜಾಲ ಆಯಿತು. ಹೆಣ್ಣು ಆಮೆ ಇಲ್ಲಿ ಗೂಡು ಮಾಡುವುದು ಮೊದಲ ಸಲ ದಾಖಲಾಯಿತು. ನೀರು ನುಗ್ಗಿದ ಗೂಡಿನಿಂದ ಮೊಟ್ಟೆ ತೆಗೆದು, ಮರಿ ಮಾಡಿಸಿ, ಮರಿಗಳನ್ನು ಹೊಳೆಗೆ ಬಿಟ್ಟರು. 2024ರಲ್ಲಿ ಈ ಕೆಲಸ ಒಂದು ಅಂತರರಾಷ್ಟ್ರೀಯ ವಿಜ್ಞಾನ ಪತ್ರಿಕೆಯಲ್ಲಿ ಬಂತು. ಅದರ ತಲೆಬರಹದಲ್ಲೇ 'ಊರವರ ಅರಿವು' ಎಂಬ ಅರ್ಥದ ಮಾತಿದೆ ಎಂದು ಗೊತ್ತಾದಾಗ ಅಣ್ಣನಿಗೆ ಹೇಳಿದೆ. "ನಮ್ಮ ಹೆಸರು ಹಾಕಿಲ್ಲ ಅಲ್ವಾ?" ಎಂದು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಮತ್ತೆ ಆ ಬೆಳಿಗ್ಗೆಗೆ ಬರುತ್ತೇನೆ. ಫೋನಿನಲ್ಲಿ ಹೇಳಿದ ಹಾಗೆ ಗೋಣಿಯನ್ನು ಹೊಳೆಯಲ್ಲಿ ಅದ್ದಿ ಅದರ ಬೆನ್ನಿಗೆ ಹೊದಿಸಿದೆವು. ಒಣಗುತ್ತಾ ಬಂದಂತೆ ಮತ್ತೆ ನೀರು ಚಿಮುಕಿಸಿದೆವು. ಜನ ಸೇರದ ಹಾಗೆ ನೋಡಿಕೊಳ್ಳಿ ಎಂದಿದ್ದರು, ಅದೇ ಎಲ್ಲಕ್ಕಿಂತ ಕಷ್ಟದ ಕೆಲಸ. ನಮ್ಮಲ್ಲಿ ಒಂದು ಕೇರೆ ಹಾವು ಬಂದರೂ ಇಪ್ಪತ್ತು ಮೊಬೈಲು ಬರುತ್ತವೆ. ಆ ನಂಬರಿನ ಕಡೆಯಿಂದ ಬಂದವರು ಇಕ್ಕುಳದಲ್ಲಿ ಗಾಳದ ಮುಳ್ಳನ್ನು ಮುರಿದು ಹೊರಗೆ ತೆಗೆದರು, ಅಳತೆ ಬರೆದುಕೊಂಡರು, ಅರಣ್ಯದವರಿಗೆ ತಿಳಿಸಿದರು. ನಾಲ್ಕು ಜನ ಹಿಡಿದು ಆಳವಿಲ್ಲದ ಕಡೆ ಇಟ್ಟೆವು. ಒಂದು ನಿಮಿಷ ಸುಮ್ನೆ ಕುಳಿತಿತ್ತು. ಆಮೇಲೆ ಮುಂಗಾಲಿನಿಂದ ಹೊಯಿಗೆಯನ್ನು ಎರಡು ಕಡೆಗೆ ತಳ್ಳಿಕೊಂಡು ಕೆಳಗೆ ಇಳಿಯಿತು. ನೀರು ತಿಳಿಯಾಗುವಷ್ಟರಲ್ಲಿ ಅಲ್ಲಿ ಏನೂ ಇರಲಿಲ್ಲ, ಬರೀ ಹೊಯಿಗೆ.

ಹೊಯಿಗೆಯೇ ಈಗ ತೊಂದರೆಯ ಮೂಲ. ಆಮೆಗೆ ಮಲಗಲು ಅದೇ ಬೇಕು, ಮೊಟ್ಟೆ ಇಡಲು ಅದೇ ಬೇಕು. ನಮಗೆ ಮನೆ ಕಟ್ಟಲೂ ಅದೇ ಬೇಕು. ರಾತ್ರಿ ಲಾರಿಯಲ್ಲಿ ಹೋಗುವ ಹೊಯಿಗೆಯ ಕತೆ ನಿಮ್ಮ ಜಿಲ್ಲೆಯಲ್ಲೂ ಇದೆ, ಬಿಡಿ.

ಇನ್ನೊಂದು ತೊಂದರೆ ಹೇಳುವಾಗ ನನಗೆ ನಾಲಿಗೆ ಸ್ವಲ್ಪ ತಡವರಿಸುತ್ತದೆ. ಕೇರಳದ 44 ಹೊಳೆಗಳಲ್ಲಿ 12 ನಮ್ಮ ಜಿಲ್ಲೆಯಲ್ಲೇ ಹರಿಯುತ್ತವೆ. ಆದರೂ ಫೆಬ್ರವರಿ ಬಂತು ಅಂದರೆ ನೀರಿಲ್ಲ. ಮುರಕಲ್ಲಿನ ನೆಲ, ಬಿದ್ದ ಮಳೆ ನಿಲ್ಲುವುದಿಲ್ಲ. ಅದಕ್ಕೇ ನಮ್ಮ ಹಿರಿಯರು ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ನೀರು ತಂದರು, ತೋಡುಗಳಿಗೆ, ಅಂದರೆ ಸಣ್ಣ ಹಳ್ಳಗಳಿಗೆ, ಕಟ್ಟ ಹಾಕಿದರು. ಏತಡ್ಕದ ಕಡೆ ಇವತ್ತಿಗೂ ತೋಟದವರು ಸೇರಿ ಕಟ್ಟ ಹಾಕುತ್ತಾರೆ. ಕಲ್ಲು, ಮಣ್ಣು, ಮರದ ತುಂಡು, ಈಗ ಪ್ಲಾಸ್ಟಿಕ್ ಶೀಟು. ಯಾರ ತೋಟಕ್ಕೆ ಎಷ್ಟು ಲಾಭ ಎಂದು ನೋಡಿ ಖರ್ಚು ಹಂಚುತ್ತಾರೆ. ಮೊದಲ ದೊಡ್ಡ ಮಳೆಗೆ ಹೊಳೆಯೇ ಅದನ್ನು ಬಿಚ್ಚಿಕೊಂಡು ಹೋಗುತ್ತದೆ. ಇಂಥ ಕಟ್ಟದ ನೀರು ಸುತ್ತಲಿನ ಬಾವಿಗಳಿಗೂ ಇಳಿಯುತ್ತದೆ, ನವಿಲಿಗೂ ಮುಳ್ಳುಹಂದಿಗೂ ಕುಡಿಯಲು ಸಿಗುತ್ತದೆ. ಊರನ್ನು ಉಳಿಸಿದ ಕೆಲಸ ಇದು, ಅದರಲ್ಲಿ ಎರಡು ಮಾತಿಲ್ಲ.

ದೊಡ್ಡ ಹೊಳೆಗೆ ಬಂದಾಗ ಲೆಕ್ಕ ಬೇರೆ. ಕಾಸರಗೋಡು ಪೇಟೆಗೆ ಕುಡಿಯುವ ನೀರು ಬರುವುದು ಚಂದ್ರಗಿರಿಯಿಂದ. ಬೇಸಿಗೆಯಲ್ಲಿ ಕಡಲಿನ ಉಪ್ಪುನೀರು ಹೊಳೆಯಲ್ಲಿ ಮೇಲೆ ಮೇಲೆ ಹತ್ತುತ್ತಿತ್ತು. ಪೇಟೆಯಲ್ಲಿರುವ ನನ್ನ ಚಿಕ್ಕಮ್ಮನ ಮನೆಯಲ್ಲಿ ಎಪ್ರಿಲ್ ತಿಂಗಳ ಚಹಾ ಕುಡಿದವರಿಗೇ ಗೊತ್ತು. ಸಕ್ಕರೆ ಹಾಕಿದಷ್ಟೂ ವಿಚಿತ್ರವಾಗುತ್ತಿತ್ತು. ಬಾವಿಕ್ಕರೆಯಲ್ಲಿ ಶಟರು ಇರುವ ಕಾಂಕ್ರೀಟಿನ ಅಣೆಕಟ್ಟು ಆದ ಮೇಲೆ, 2021ರಿಂದ, ಆ ಗೋಳು ತಪ್ಪಿತು. ಆದರೆ ನೀರು ನಿಂತಲ್ಲೆಲ್ಲ ಹೊಯಿಗೆಯ ದಿಬ್ಬ ಮುಳುಗುತ್ತದೆ. ಸಣ್ಣ ಅಣೆಕಟ್ಟಿನ ಹಲಗೆ ಹಾಕುವ, ತೆಗೆಯುವ ಹೊತ್ತು ಒಂದಿಷ್ಟು ಹೆಚ್ಚು ಕಡಿಮೆಯಾದರೂ ಗೂಡಿಗೆ ನೀರು. ಅಣೆಕಟ್ಟು ಬೇಡ ಎಂದು ನಾನಂತೂ ಹೇಳಲಾರೆ, ಚಿಕ್ಕಮ್ಮ ಮನೆಗೆ ಸೇರಿಸುವುದಿಲ್ಲ. ಗೂಡಿನ ತಿಂಗಳು ಯಾವುದು ಎಂದು ಹಲಗೆ ಹಾಕುವವನಿಗೆ ಗೊತ್ತಿರಬೇಕು, ನನ್ನ ತಕರಾರು ಅಷ್ಟೇ. ಅದು ಗೊತ್ತಿರುವುದು ಮತ್ತೆ ದೋಣಿಯವರಿಗೇ.

ದಿನಾ ನೋಡುವವನ ಮಾತು ಕೇಳದಿದ್ದರೆ ಏನಾಗುತ್ತದೆ ಎಂಬುದು ನಮ್ಮ ಜಿಲ್ಲೆಗೆ ಚೆನ್ನಾಗಿ ಗೊತ್ತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು ಒಂದೆರಡು ವರ್ಷವಲ್ಲ, ಎರಡು ದಶಕ ದಾಟಿ 2000ದ ತನಕ. ಜೇನು ಕಾಣುವುದಿಲ್ಲ, ಕಪ್ಪೆ ಕೂಗುವುದಿಲ್ಲ, ತೋಡಿನಲ್ಲಿ ಮೀನು ಸಾಯುತ್ತಿದೆ ಎಂದು ಮೊದಲು ಹೇಳಿದ್ದು ಅಲ್ಲಿಯ ಕೃಷಿಕರು. ಕರುಗಳು ಸೊಟ್ಟ ಕಾಲಿನೊಂದಿಗೆ ಹುಟ್ಟುತ್ತಿವೆ ಎಂದು ಎಣ್ಮಕಜೆಯ ಕೃಷಿಕ ಪತ್ರಕರ್ತ ಶ್ರೀ ಪಡ್ರೆಯವರು 1980ರ ಆಸುಪಾಸಿನಲ್ಲೇ ಬರೆದರು. ಅದೇ ಊರಿನಲ್ಲಿ ಕ್ಲಿನಿಕ್ ಇಟ್ಟಿದ್ದ ಡಾಕ್ಟರ್ ವೈ. ಎಸ್. ಮೋಹನ ಕುಮಾರ್ ಮನೆಮನೆಯ ಕಾಯಿಲೆ ನೋಡಿ ದನಿಯೆತ್ತಿದರು. ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ. ನಡುವಿನ ವರ್ಷಗಳ ಲೆಕ್ಕ ನೀವೇ ಮಾಡಿ. ಅದಕ್ಕೇ ಇಲ್ಲಿ ಹೊರಗಿನವರು ಬಂದು ಪ್ರಶ್ನೆ ಕೇಳಿದರೆ ಜನ ಮೊದಲು ಮುಖ ನೋಡುತ್ತಾರೆ, ಆಮೇಲೆ ಬಾಯಿ ತೆರೆಯುತ್ತಾರೆ.

ಖುಷಿಯ ಸುದ್ದಿಯೂ ಇದೆ. 2023ರಲ್ಲಿ ಕಾಸರಗೋಡು ತನ್ನದೇ ಜಿಲ್ಲಾ ಮರ, ಹೂವು, ಹಕ್ಕಿ, ಪ್ರಾಣಿ ಎಂದು ಘೋಷಿಸಿಕೊಂಡಿತು. ದೇಶದಲ್ಲಿ ಜಿಲ್ಲೆಯೊಂದು ಹೀಗೆ ಮಾಡಿದ್ದು ಇದೇ ಮೊದಲು. ಹೂವು ಪೆರಿಯದ ಪೊಲತಾಳಿ, ಹರಿಯುವ ನೀರಿನಲ್ಲಿ ಬೆಳೆಯುವ ಬಿಳಿ ಹೂವು, 2012ರಲ್ಲಷ್ಟೇ ವಿಜ್ಞಾನಕ್ಕೆ ಗೊತ್ತಾದದ್ದು. ಹಕ್ಕಿ ಬಿಳಿ ಹೊಟ್ಟೆಯ ಕಡಲ ಹದ್ದು. ಅದಕ್ಕೆ ಗೂಡು ಕಟ್ಟಲು ಕಡಲ ಬದಿಯ ಎತ್ತರದ ಮರ ಬೇಕು. ನಾವು ಹೆದ್ದಾರಿ ಅಗಲ ಮಾಡುತ್ತಾ ಎಷ್ಟು ಮರ ಉಳಿಸಿದ್ದೇವೆ ಎಂದು ನೀವು ಬಸ್ಸಿನಲ್ಲಿ ಬರುವಾಗ ನೋಡಿದ್ದೀರಿ. ಮರ ಕಾಸರಕ, ನಮ್ಮ ಊರಿಗೇ ಹೆಸರು ಕೊಟ್ಟದ್ದು ಎನ್ನುತ್ತಾರೆ. ಈ ಆಯ್ಕೆಗೆ ನಮ್ಮ ಅಜ್ಜಿ ಒಪ್ಪುತ್ತಿರಲಿಲ್ಲ. ಆಟಿ ಅಮಾವಾಸ್ಯೆಗೆ ರಸ ತೆಗೆದು ಕುಡಿಯುವ ಪಾಲೆ ಮರದ ಕೆತ್ತೆ (ತೊಗಟೆ) ತರಲು ನಸುಕಿನಲ್ಲಿ ಹೋಗುವವರಿಗೆ, "ಕತ್ತಲಲ್ಲಿ ಕಾಸರಕದ ಕೆತ್ತೆ ತಂದೀಯ, ಮನೆ ಮಂದಿಯೆಲ್ಲ ಒಟ್ಟಿಗೆ ಹೋಗ್ತೇವೆ" ಎಂದು ವರ್ಷವೂ ಹೇಳುತ್ತಿದ್ದರು. ಅಷ್ಟು ವಿಷ. ಅದೇ ಮರದ ಹಣ್ಣಿನ ತಿರುಳನ್ನು ಮಂಗಟ್ಟೆ ಹಕ್ಕಿ ಆರಾಮವಾಗಿ ತಿನ್ನುತ್ತದೆ.

ಪ್ರಾಣಿಯ ಜಾಗಕ್ಕೆ ಬಂದದ್ದು ನಮ್ಮ ಆಮೆ. ಘೋಷಣೆಯಿಂದ ಆಮೆಯ ಹೊಟ್ಟೆ ತುಂಬುತ್ತದಾ ಎಂದು ಕೇಳಿದರೆ ಇಲ್ಲ. ಆದರೆ ಮೊದಲು 'ಆ ಮಾಂಸದ ಆಮೆ' ಅನ್ನುತ್ತಿದ್ದವರು ಈಗ 'ನಮ್ಮ ಜಿಲ್ಲೆಯ ಆಮೆ' ಅನ್ನುವುದನ್ನು ನಾನೇ ಕೇಳಿದ್ದೇನೆ, ಅದೂ ಮೀನಿನ ಅಂಗಡಿಯಲ್ಲಿ.

ಒಂದು ಕೊರತೆ ಹೇಳದಿದ್ದರೆ ನಿದ್ದೆ ಬರುವುದಿಲ್ಲ. ಹೊಳೆ ದಡದಲ್ಲಿ ಹಾಕಿದ ಒಂದು ಬೋರ್ಡು ನೋಡಿದೆ, ಪೂರ್ತಿ ಮಲಯಾಳದಲ್ಲಿತ್ತು. ಆ ಜಾಗದಲ್ಲಿ ಗಾಳ ಹಾಕುವ ಅರ್ಧ ಜನ ಓದುವುದು ಕನ್ನಡ. ಹೊಳೆಗಂತೂ ಈ ತೊಂದರೆ ಇಲ್ಲ. ಕೊಡಗಿನ ಘಟ್ಟದಲ್ಲಿ ಹುಟ್ಟಿ, ಸುಳ್ಯದಲ್ಲಿ ಪಯಸ್ವಿನಿ ಎನಿಸಿಕೊಂಡು, ಇಲ್ಲಿ ಬಂದು ಚಂದ್ರಗಿರಿಯಾಗುತ್ತದೆ. ಗಡಿಯ ಆಚೆ ಹೊಳೆಗೆ ತೋಟೆ (ಸಿಡಿಮದ್ದು) ಹಾಕಿ ಮೀನು ಹಿಡಿದರೂ, ಹೊಯಿಗೆ ತೆಗೆದರೂ ಅದರ ಫಲ ಕೆಳಗಿನವರಿಗೆ. ಸುಳ್ಯದಲ್ಲಿ ನಿಮಗೆ ನೆಂಟರಿದ್ದಾರಲ್ಲ, ದೊಡ್ಡ ಆಮೆ ಎಂದಾದರೂ ನೋಡಿದ್ದಾರಾ ಎಂದು ಒಮ್ಮೆ ಕೇಳಿ ನೋಡಿ. ಹೆದರಿಸಿ ಕೇಳಬೇಡಿ, ಚಹಾ ಕುಡಿಯುತ್ತಾ ಕೇಳಿ.

ಮುಂದಿನ ಸಲ ಬಂದಾಗ ಅಣ್ಣನ ಮನೆಗೆ ಹೋಗೋಣ. ಅವರ ಫೋನಿನಲ್ಲಿ ಆ ನಂಬರು 'ಆಮೆ' ಎಂದು ಸೇವ್ ಆಗಿದೆ. ಒಮ್ಮೆ ಅಲ್ಲಿಂದಲೇ ಕರೆ ಬಂದಾಗ ಅವರ ಹೆಂಡತಿ ಅಡಿಗೆ ಮನೆಯಿಂದ ಕೂಗಿದ್ದರು, "ಇಲ್ಲಿ ನೋಡಿ, ನಿಮ್ಮ ಆಮೆ ಫೋನ್ ಮಾಡ್ತಾ ಉಂಟು!"