ಸಾಲಕ್ಕಿಂತ ಜಾಸ್ತಿ ನಲ್ಲಿಯ ಹೆದರಿಕೆ

ಬೆಂಗಳೂರಿನ ಬಿನ್ನಿಪೇಟೆ, ಗೋಪಾಲಪುರ, ಮಾಗಡಿ ರಸ್ತೆ ಸುತ್ತಮುತ್ತಲ ವಠಾರಗಳಿಂದ ಆಪ್ತಸಲಹೆಗೆ ಬರುವ ಹೆಂಗಸರು ಮೊದಲ ದಿನ ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು. ನಿದ್ದೆ ಇಲ್ಲ, ಎದೆ ಡವಡವ, ಬಾಗಿಲು ತಟ್ಟಿದರೆ ಕೈಕಾಲು ತಣ್ಣಗಾಗುತ್ತದೆ. ಅರ್ಧ ಗಂಟೆ ಸುಮ್ನೆ ಕೂತು ಕೇಳಿದರೆ ಸಂಘದ ಸಾಲದ ವಿಷಯ ಹೊರಗೆ ಬರುತ್ತದೆ. ಈ ಕಥೆ ಪದೇ ಪದೇ ಬರುತ್ತಿರುವುದರಿಂದ ಒಂದು ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ಆ ತಾಯಿಯ ಒಪ್ಪಿಗೆ ಇದೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ.

ಅವರಿಗೆ ನಲವತ್ತು ದಾಟಿದೆ. ಕಂಟ್ರಾಕ್ಟರ್ ಕೈಕೆಳಗೆ ಹೌಸ್‌ಕೀಪಿಂಗ್ ಕೆಲಸ, ಸಂಜೆ ಮನೆಯಲ್ಲಿ ಊದುಬತ್ತಿ ಹೊಸೆಯುವುದು. ಗಂಡ ಮಾರ್ಕೆಟ್‌ನಲ್ಲಿ ಹಮಾಲಿ. ಮಗಳು ಡಿಗ್ರಿ ಕೊನೆಯ ವರ್ಷ. ಒಂದು ಕೋಣೆ, ಅದರ ಮೂಲೆಯಲ್ಲೇ ಅಡುಗೆ. ಅಂಗಳದಲ್ಲಿ ವಠಾರಕ್ಕೆಲ್ಲ ಸೇರಿ ಒಂದು ನಲ್ಲಿ. ಕಾವೇರಿ ನೀರು ದಿನ ಬಿಟ್ಟು ದಿನ.

ಮಾವ ಮಿಲ್ಲಿನಲ್ಲಿದ್ದವರು. 1884ರಲ್ಲಿ ಶುರುವಾಗಿ, ಎರಡೇ ವರ್ಷದಲ್ಲಿ ಬಿನ್ನಿ ಕಂಪನಿಯ ಕೈಗೆ ಹೋದ ಬಟ್ಟೆ ಮಿಲ್ಲು ಅದು. ಪೇಟೆಗೆ ಹೆಸರು ಬಂದದ್ದೂ ಅದರಿಂದಲೇ. ಈಗ ಆ ಜಾಗದಲ್ಲಿ ಮಾಲ್ ಇದೆ, ಎತ್ತರದ ಅಪಾರ್ಟ್‌ಮೆಂಟ್‌ಗಳಿವೆ. ಮಿಲ್ಲಿನ ಕೆಲಸವೂ ಸುಖದ್ದೇನಲ್ಲ. ಆದರೆ ಸಂಬಳಕ್ಕೆ ಒಂದು ತಾರೀಕು ಇತ್ತು. ಅದನ್ನು ನಂಬಿ ಅಂಗಡಿಯವನು ಅಕ್ಕಿ ಸಾಲ ಕೊಡುತ್ತಿದ್ದ. ಈಗಿನ ಹಮಾಲಿ ಕೂಲಿಗೆ, ಊದುಬತ್ತಿಯ ಲೆಕ್ಕದ ದುಡ್ಡಿಗೆ ತಾರೀಕಿಲ್ಲ. ತಾರೀಕು ಇರುವುದು ಕಂತಿಗೆ ಮಾತ್ರ. ಇಂಥ ಮನೆಗಳ ಕಷ್ಟವನ್ನು 'ದುಂದುವೆಚ್ಚ' ಎಂದು ಕರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಈ ಮನೆಯ ಖರ್ಚನ್ನು ಸಾಲುಸಾಲಾಗಿ ನೋಡಿದ್ದೇನೆ. ಬಾಡಿಗೆ, ಗ್ಯಾಸ್, ಮಗಳ ಫೀಸು, ಅತ್ತೆಯ ಸಕ್ಕರೆ ಕಾಯಿಲೆಯ ಮಾತ್ರೆ, ನೆಂಟರ ಮದುವೆಯ ಮುಯ್ಯಿ. ಯಾವುದನ್ನು ಬಿಡಿ ಎಂದು ಹೇಳಲಿ?

ಅವರ ಹೆಸರಲ್ಲಿ ಮೂರು ಸಂಘದ ಸಾಲ ಇತ್ತು. ಒಂದು ಮಗಳ ಫೀಸಿಗೆ, ಒಂದು ಅತ್ತೆಯ ಆಸ್ಪತ್ರೆಗೆ. ಮೂರನೆಯದು ಅವರದ್ದಲ್ಲ. ಪಕ್ಕದ ಮನೆಯಾಕೆ, "ಅಕ್ಕ, ನನಗೆ ಇನ್ನು ಕೊಡಲ್ವಂತೆ, ನಿಮ್ಮ ಹೆಸರಲ್ಲಿ ತೆಗೆದುಕೊಡಿ, ಕಂತು ನಾನೇ ಕಟ್ತೀನಿ" ಎಂದಿದ್ದಳು. ಕೆಲವು ತಿಂಗಳು ಕಟ್ಟಿದಳು. ಆಮೇಲೆ ಒಂದು ರಾತ್ರಿ ಮನೆ ಖಾಲಿ ಮಾಡಿಕೊಂಡು ಹೋದಳು. ಮೂರೂ ಸೇರಿ ತಿಂಗಳಿಗೆ ಕಂತು 11,000 ರೂಪಾಯಿ. ಮನೆಗೆ ಬರುವುದು, ಒಳ್ಳೆಯ ತಿಂಗಳಲ್ಲಿ, 19,000.

ಗಂಡನಿಗೆ ಮೂರನೆಯ ಸಾಲ ಗೊತ್ತೇ ಇರಲಿಲ್ಲ. ಮಗಳಿಗೆ ಯಾವುದೂ ಸರಿಯಾಗಿ ಗೊತ್ತಿರಲಿಲ್ಲ.

ಎಲ್ಲ ತಿರುವು ಪಡೆದದ್ದು ಮೂರನೆಯ ಭೇಟಿಯಲ್ಲಿ. ಅಂದು ಅವರು ಮಗಳ ಬಗ್ಗೆ ದೂರುತ್ತಿದ್ದರು. ಕಾಲೇಜಿನಲ್ಲಿ ನಿದ್ದೆ ಮಾಡುತ್ತಾಳಂತೆ, ಲೆಕ್ಚರರ್ ಫೋನ್ ಮಾಡಿದ್ದರಂತೆ. ಯಾಕೆ ನಿದ್ದೆ ಎಂದು ಕೇಳಿದೆ.

"ನೀರಿಗೆ ನಾಲ್ಕು ಗಂಟೆಗೆ ಏಳ್ತಾಳೆ ಮೇಡಂ."

"ನೀರು ಆರಕ್ಕೆ ಬರುತ್ತೆ ಅಂದಿದ್ರಿ, ಅಲ್ವಾ?"

"ನಾಲ್ಕಕ್ಕೇ ಸಣ್ಣಗೆ ಬರೋಕೆ ಶುರುವಾಗುತ್ತೆ. ಆಗ ನಲ್ಲಿ ಹತ್ರ ಯಾರೂ ಇರಲ್ಲ."

ನಾನು ಸುಮ್ಮನಿದ್ದೆ. ಅವರು ಸೆರಗಿನ ತುದಿಯನ್ನು ಸುತ್ತುತ್ತಾ ಕೂತರು. ಆಮೇಲೆ ಹೇಳಿದರು: "ಕಲೆಕ್ಷನ್‌ನವನು ಬೈದರೆ ಬೈಯಲಿ ಮೇಡಂ. ಅವನು ಹೊರಗಿನವನು, ಬೈದು ಹೋಗ್ತಾನೆ. ನಲ್ಲಿ ಹತ್ರ ನಿಂತಿರೋರು ನನ್ನ ಕಂತಿನ ದುಡ್ಡು ಕಟ್ಟಿದೋರು. ಅವರ ಮುಖ ಹೇಗೆ ನೋಡಲಿ? ಅದಕ್ಕೇ ಮಗಳನ್ನ ಕಳಿಸ್ತೀನಿ. ನಾನು ನಲ್ಲಿ ಹತ್ರ ಹೋಗಿ ಎರಡು ತಿಂಗಳಾಯ್ತು."

ಸಂಘದ ಸಾಲ ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು. ಈ ಸಾಲಕ್ಕೆ ಒಡವೆ, ಪತ್ರ ಏನೂ ಅಡ ಇಡುವುದಿಲ್ಲ. ಗುಂಪಿನ ಹೆಂಗಸರು ಒಬ್ಬರಿಗೊಬ್ಬರು ಹೊಣೆ. ಒಬ್ಬರು ತಪ್ಪಿದರೆ ಉಳಿದವರ ಮೇಲೆ ಒತ್ತಡ ಬರುತ್ತದೆ. ಅಂದರೆ ಅಡ ಇಟ್ಟಿರುವುದು ಅಕ್ಕಪಕ್ಕದವರ ನಂಬಿಕೆಯನ್ನೇ. ವಠಾರದಲ್ಲಿ ಆ ನಂಬಿಕೆ ಇಲ್ಲದೆ ದಿನ ನಡೆಯುವುದಿಲ್ಲ. ಮಗುವಿಗೆ ಜ್ವರ ಬಂದರೆ ಆಟೋ ಕರೆಯುವವರು ಅವರೇ, ಬೀಗದ ಕೈ ಇಟ್ಟುಕೊಳ್ಳುವವರೂ ಅವರೇ. ಈ ತಾಯಿಯ ನಿದ್ದೆ ಕೆಡಿಸಿದ್ದು 11,000 ರೂಪಾಯಿ ಮಾತ್ರ ಅಲ್ಲ. ಬೀದಿಯಲ್ಲಿ ಹದಿನೆಂಟು ವರ್ಷ ಗಳಿಸಿದ ಮರ್ಯಾದೆ ಹೋಯಿತಲ್ಲ ಎಂಬ ನೋವು.

ಸಲಹೆ ಕೊಡುವ ಮೊದಲು ಎರಡು ವಿಷಯ ಖಚಿತ ಮಾಡಿಕೊಂಡೆ. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಆ ಯೋಚನೆ ತಲೆಗೆ ತುಂಬಿದಂತೆ ಆಗುತ್ತದೆ ಎಂದು ಜನ ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಲೇಬೇಕು. "ಒಂದೆರಡು ಸಲ ಬಂತು, ಮಗಳ ಮುಖ ನೋಡಿ ಬಿಟ್ಟೆ" ಎಂದರು. ರಾತ್ರಿ ಹೊತ್ತು ಆ ಯೋಚನೆ ಬಂದರೆ ಯಾರನ್ನು ಎಬ್ಬಿಸಬೇಕು ಎಂದು ಇಬ್ಬರೂ ಸೇರಿ ತೀರ್ಮಾನ ಮಾಡಿದೆವು. ಟೆಲಿ ಮಾನಸ್ ಸಹಾಯವಾಣಿ 14416 ಅನ್ನು ಅವರ ಫೋನಿನಲ್ಲಿ ಹಾಕಿಕೊಟ್ಟೆ. ಅದು ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಎರಡನೆಯದು, ಗಂಡನಿಗೆ ಗೊತ್ತಾದರೆ ಹೊಡೆಯುತ್ತಾರಾ ಎಂದು ಕೇಳಿದೆ. "ಕೂಗಾಡ್ತಾರೆ, ಕೈ ಎತ್ತಲ್ಲ" ಎಂದರು. ಹೊಡೆಯುವ ಮನೆಯಾಗಿದ್ದರೆ ನನ್ನ ಸಲಹೆ ಬೇರೆಯೇ ಇರುತ್ತಿತ್ತು.

ನಾನು ಹೇಳಿದ್ದು ಇಷ್ಟು. ನಾಳೆಯಿಂದ ನೀರಿಗೆ ಮಗಳು ಬೇಡ, ನೀವು ಹೋಗಿ. ನಾಲ್ಕಕ್ಕಲ್ಲ, ಆರಕ್ಕೆ, ಎಲ್ಲರೂ ಇರುವಾಗ. ಅದಕ್ಕೂ ಮೊದಲು ಇವತ್ತೇ ರಾತ್ರಿ ಗಂಡನಿಗೂ ಮಗಳಿಗೂ ಮೂರೂ ಸಾಲದ ಪುಸ್ತಕ ತೆಗೆದು ತೋರಿಸಿ. ನಲ್ಲಿಯ ಹತ್ತಿರ ಹೇಳಬೇಕಾದ ಮಾತನ್ನು ಕೂತು ತಯಾರು ಮಾಡಿದೆವು: "ನಾನು ಓಡಿಹೋಗಲ್ಲ. ಮೂರು ಸಂಘ ಇದೆ, ಒಂದು ಅವಳಿಗೆ ತೆಗೆದುಕೊಟ್ಟಿದ್ದು. ನೀವು ನನ್ನ ಬದಲು ಎಷ್ಟು ಕಟ್ಟಿದೀರಿ ಬರೆದಿಟ್ಟಿದೀನಿ. ಪೂರ್ತಿ ಕಂತು ಆಗಲ್ಲ, ಆಗುವಷ್ಟು ಕೊಡ್ತೀನಿ." ಬೈಗುಳ ಬರುತ್ತದೆ, ನಿಂತು ಕೇಳಿಸಿಕೊಳ್ಳಿ, ವಾದ ಮಾಡಬೇಡಿ ಎಂದೂ ಹೇಳಿದೆ.

ಇದನ್ನು ಕೇಳಿದ ಇಬ್ಬರು ಸಹೋದ್ಯೋಗಿಗಳು ಒಪ್ಪಲಿಲ್ಲ. ಮನಸ್ಸು ಸೋತ ಹೆಂಗಸನ್ನು ಜನರ ಮಧ್ಯೆ ನಿಲ್ಲಿಸುವುದು ಕ್ರೂರ, ಮೊದಲು ಧೈರ್ಯ ಬರಲಿ ಎಂದರು. ಅವರ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ವಠಾರದಲ್ಲಿ ಗುಟ್ಟು ಉಳಿಯುವುದಿಲ್ಲ. ಆ ಮಾತು ಹೇಗೂ ನಲ್ಲಿಯ ಹತ್ತಿರ ಬರುತ್ತಿತ್ತು, ಬಂದೂ ಇತ್ತು, ಅದೂ ಬೇರೆಯವರ ಬಾಯಲ್ಲಿ. ಅವರ ಬಾಯಲ್ಲೇ ಬರಲಿ ಎಂಬುದು ನನ್ನ ಹಟ. ಧೈರ್ಯ ಬರುವವರೆಗೆ ಕಾದರೆ ಮಗಳ ಕೊನೆಯ ಪರೀಕ್ಷೆ ಮುಗಿದುಹೋಗುತ್ತದೆ. ನನ್ನ ಕೋಣೆಯಲ್ಲಿ ಉಸಿರಾಟದ ಅಭ್ಯಾಸ ಮಾಡಿಸಬಲ್ಲೆ, ಮಾಡಿಸಿದೆ ಕೂಡ. ಅವರ ಮರ್ಯಾದೆ ಕಳೆದುಹೋದದ್ದು ಮಾತ್ರ ನನ್ನ ಕೋಣೆಯಲ್ಲಲ್ಲ.

ಇನ್ನೊಂದು ಆಕ್ಷೇಪ: 'ಕಂತು ಕಟ್ಟಬೇಡಿ ಅಂತ ಹೇಳಿಕೊಡ್ತಾರೆ.' ಹಾಗೆ ನಾನು ಯಾರಿಗೂ ಹೇಳಿಲ್ಲ. ಸಹಿ ಇವರದು, ಹಾಗಾಗಿ ಮೂರನೆಯ ಸಾಲವೂ ಇವರದೇ, ಇದನ್ನು ಮೊದಲೇ ತಿಳಿಸಿದೆ. ಆದರೆ ಕಂತು ಕಟ್ಟಲು ಮೀಟರ್ ಬಡ್ಡಿಗೆ ಹೋಗಬೇಡಿ, ತಾಳಿ ಗಿರವಿ ಇಡಬೇಡಿ, ನಾಲ್ಕನೆಯ ಸಂಘಕ್ಕೆ ಸೇರಬೇಡಿ ಎಂದು ಖಡಾಖಂಡಿತ ಹೇಳಿದೆ. ಹಳೇ ಸಾಲ ತೀರಿಸಲು ಮಾಡುವ ಹೊಸ ಸಾಲವೇ ಈ ಮನೆಗಳನ್ನು ಮುಳುಗಿಸುತ್ತಿದೆ.

ನಿಯಮಗಳನ್ನೂ ತಿಳಿಸಿದೆ, ಯಾಕೆಂದರೆ ಯಾರೂ ತಿಳಿಸಿರಲಿಲ್ಲ. ರಿಸರ್ವ್ ಬ್ಯಾಂಕಿನ 2022ರ ನಿಯಮದ ಪ್ರಕಾರ ಒಂದು ಮನೆಯ ಎಲ್ಲ ಸಾಲಗಳ ಕಂತು ಸೇರಿ ಆ ಮನೆಯ ತಿಂಗಳ ಆದಾಯದ ಅರ್ಧ ಮೀರಬಾರದು. ಅದನ್ನು ನೋಡಿಕೊಂಡು ಸಾಲ ಕೊಡಬೇಕಾದದ್ದು ಕೊಡುವವರ ಕೆಲಸ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಫೋನ್ ಮಾಡುವಂತಿಲ್ಲ. ನೋಂದಣಿಯೇ ಇಲ್ಲದೆ ಸಾಲ ಕೊಟ್ಟು ಕಾಟ ಕೊಡುವವರ ವಿರುದ್ಧ ಕರ್ನಾಟಕದಲ್ಲಿ 2025ರಲ್ಲಿ ಕಾನೂನು ಬಂದಿದೆ. ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100. 'ಅರ್ಧ ಮೀರಬಾರದು' ಎಂಬ ಮಾತನ್ನು ಅವರು ಎರಡು ಸಲ ಹೇಳಿಸಿಕೊಂಡರು. ತಪ್ಪೆಲ್ಲ ತನ್ನದೇ ಎಂದುಕೊಂಡಿದ್ದವರು ಮೊದಲ ಸಲ ತಲೆ ಎತ್ತಿ ಕೂತರು.

ಮುಂದಿನ ವಾರ ಬಂದು ನಡೆದದ್ದನ್ನು ಹೇಳಿದರು. ಗಂಡ ಕೂಗಾಡಿ ಒಂದು ದಿನ ಊಟ ಬಿಟ್ಟರು, ಮಾರನೆಯ ದಿನ ಪುಸ್ತಕ ತೆಗೆದು ತಾವೇ ಕೂಡಿ ನೋಡಿದರು. ನಲ್ಲಿಯ ಹತ್ತಿರ ಒಬ್ಬಾಕೆ ಬಾಯಿಗೆ ಬಂದಂತೆ ಬೈದರು. ಆಕೆಗೂ ಮನೆಯಲ್ಲಿ ಕಷ್ಟ ಇದೆ, ಬೈದದ್ದು ತಪ್ಪು ಎಂದು ನಾನು ಹೇಳುವುದಿಲ್ಲ. ಆದರೆ ಇನ್ನಿಬ್ಬರು ಸಂಜೆ ಮನೆಗೇ ಬಂದರು. ಓಡಿಹೋದಾಕೆಗೆ ಅವರೂ ತಮ್ಮ ಹೆಸರಲ್ಲಿ ಸಾಲ ತೆಗೆದುಕೊಟ್ಟು, ಅವರೂ ಗುಟ್ಟಾಗಿ ಇಟ್ಟುಕೊಂಡಿದ್ದರು. ಮೂವರೂ ಸೇರಿ ಸಾಲದ ಆಫೀಸಿಗೆ ಹೋದರು. ಒಂದು ಕಡೆ ಕಂತು ಇಳಿಸಿ ಅವಧಿ ಹೆಚ್ಚಿಸಿ ಕೊಟ್ಟರು. ಇನ್ನೊಂದು ಕಡೆ ಇನ್ನೂ ಓಡಾಡುತ್ತಿದ್ದಾರೆ. ಬೈದಾಕೆ ಇವತ್ತಿಗೂ ಮಾತಾಡುವುದಿಲ್ಲ, ಆದರೆ ಅವರ ಹತ್ತಿರ ತೆಗೆದುಕೊಂಡ ದುಡ್ಡಿನಲ್ಲಿ ಪ್ರತಿ ವಾರ ಒಂದಿಷ್ಟು ವಾಪಸ್ ಹೋಗುತ್ತಿದೆ. ಮಗಳು ಬೆಳಿಗ್ಗೆ ಆರೂವರೆಗೆ ಏಳುತ್ತಾಳೆ.

ಇದೇ ಕಷ್ಟದಲ್ಲಿರುವವರು ಓದುತ್ತಿದ್ದರೆ, ಹತ್ತಿರದಲ್ಲಿರುವ ಯಾವುದೇ ಆಪ್ತಸಲಹೆಗಾರರ ಬಳಿ ಹೋಗುವಾಗ ಸಾಲದ ಪುಸ್ತಕ, ಕಂತಿನ ಚೀಟಿ, ಗಿರವಿ ರಸೀದಿ ಎಲ್ಲ ತೆಗೆದುಕೊಂಡು ಹೋಗಿ. 'ಮನಸ್ಸಿನ ವಿಷಯಕ್ಕೆ ಅದೆಲ್ಲ ಯಾಕೆ' ಎಂದುಕೊಳ್ಳಬೇಡಿ. ಬೇರೆಯವರಿಗೆ ತೆಗೆದುಕೊಟ್ಟ ಸಾಲ ಇದ್ದರೆ ಅದನ್ನು ಮೊದಲು ಹೇಳಿ. ಗಂಡ ಜೊತೆಗೆ ಬರದಿದ್ದರೂ ಪರವಾಗಿಲ್ಲ, ನೀವು ಹೋಗಿ.