ಶ್ರೀಲಂಕೆಗೆ ಹೋಗಲು ಯಾವ ತಿಂಗಳು ಒಳ್ಳೆಯದು?

ಪ್ರಶ್ನೆ: ಏಪ್ರಿಲ್ ಕೊನೆಯಲ್ಲಿ ಅಥವಾ ಮೇ ತಿಂಗಳಲ್ಲಿ, 70 ದಾಟಿದ ತಾಯಿಯನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಶ್ರೀಲಂಕೆಗೆ ಹೋಗಬೇಕೆಂದಿದ್ದೇವೆ. ಅನುರಾಧಪುರವನ್ನೂ ಸಮುದ್ರತೀರವನ್ನೂ ನೋಡುವ ಆಸೆ. ಆದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಕಾಲ ಬಿಟ್ಟರೆ ಅಲ್ಲಿ ಬರೀ ಮಳೆ ಎಂದು ಹೋಗಿಬಂದವರು ಹೇಳುತ್ತಾರೆ. ದಸರಾ ರಜೆಗೆ ಮುಂದೂಡುವುದು ಒಳಿತೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ದಯವಿಟ್ಟು ಮುಂದೂಡಬೇಡಿ, ತಿಂಗಳಿಗೆ ತಕ್ಕಂತೆ ಊರುಗಳನ್ನು ಆರಿಸಿಕೊಂಡರೆ ಸಾಕು. ನಿಮಗೆ ಸಲಹೆ ನೀಡಿದವರು ಬಹುಶಃ ಕೊಲಂಬೊ, ಗಾಲೆ, ಮಿರಿಸ್ಸಗಳಿರುವ ಪಶ್ಚಿಮ ಮತ್ತು ದಕ್ಷಿಣ ಕರಾವಳಿಯನ್ನು ಕಂಡವರು. ಆ ಭಾಗಕ್ಕೆ ಅವರ ಮಾತು ಪೂರ್ತಿ ಸರಿ, ಇಡೀ ದ್ವೀಪಕ್ಕೆ ಅಲ್ಲ.

ಶ್ರೀಲಂಕೆಗೆ ಎರಡು ಮಾರುತಗಳು ಎರಡು ದಿಕ್ಕಿನಿಂದ ಮಳೆ ತರುತ್ತವೆ. ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಬೀಸುವ ನೈಋತ್ಯ ಮಾರುತವನ್ನು ದ್ವೀಪದ ನಡುವೆ 2,500 ಮೀಟರಿನವರೆಗೂ ಎದ್ದು ನಿಂತಿರುವ ಬೆಟ್ಟಸಾಲು ತಡೆಯುವುದರಿಂದ ಪಶ್ಚಿಮದ ಇಳಿಜಾರುಗಳು ತೊಯ್ದು ಹೋಗುತ್ತವೆ, ಪೂರ್ವ ಕರಾವಳಿಯಲ್ಲಿ ಮಾತ್ರ ಬಿಸಿಲು ಹೊಳೆಯುತ್ತಿರುತ್ತದೆ. ಆಗುಂಬೆಯಲ್ಲಿ ಜಡಿಮಳೆ ಸುರಿಯುತ್ತಿರುವ ದಿನವೇ ಚಿತ್ರದುರ್ಗದಲ್ಲಿ ಮೋಡ ನೋಡುತ್ತ ಕೂರುವುದನ್ನು ಬಲ್ಲ ನಿಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಈಶಾನ್ಯ ಮಾರುತ ಬೀಸುವಾಗ ಸ್ಥಿತಿ ತಿರುಗುಮುರುಗಾಗಿ, ಮಳೆ ಪೂರ್ವಕ್ಕೂ ಉತ್ತರಕ್ಕೂ ಹೋಗುತ್ತದೆ.

ಹೀಗಾಗಿ ನಿಮ್ಮ ರಜೆಗೆ ಒಪ್ಪುವುದು ಪೂರ್ವ ತೀರ. ಅನುರಾಧಪುರದಿಂದ 100 ಕಿ.ಮೀ.ಗಿಂತ ತುಸು ಹೆಚ್ಚು ದೂರದಲ್ಲಿರುವ ತ್ರಿಂಕೋಮಲಿಯಲ್ಲಿ, ಸಮುದ್ರಕ್ಕೆ ಚಾಚಿದ ಬಂಡೆಯ ಮೇಲೆ ಕೋಣೇಶ್ವರ ದೇವಾಲಯವಿದೆ. ತಾಯಿಯವರಿಗೆ ಅದರ ದರ್ಶನ ಖಂಡಿತ ಸಂತೋಷ ಕೊಟ್ಟೀತು. ಮಕ್ಕಳಿಗಾಗಿ ಇನ್ನೂ ದಕ್ಷಿಣಕ್ಕೆ, ಪಾಸಿಕುಡಾಕ್ಕೆ ಹೋಗಿ. ಅಲ್ಲಿ ದಡದಿಂದ ಬಹುದೂರದವರೆಗೂ ನೀರು ಆಳವಿಲ್ಲ. ಇದೇ ದಿನಗಳಲ್ಲಿ ದಕ್ಷಿಣದ ತೀರಕ್ಕೆ ಹೋದರೂ ನೀರಿಗೆ ಇಳಿಯಬೇಡಿ, ಅಲೆ ಶಾಂತವಾಗಿ ಕಂಡರೂ ಕೆಂಪು ಬಾವುಟ ಹಾರುತ್ತಿದ್ದರೆ ಮಕ್ಕಳ ಕೈ ಬಿಡಬೇಡಿ.

ಆದಷ್ಟು ಮೇ ಮೊದಲ ವಾರದೊಳಗೆ ಮರಳಿ ಬನ್ನಿ. ಕೇರಳಕ್ಕೆ ಜೂನ್ 1ರ ಸುಮಾರಿಗೆ ಬರುವ ಮುಂಗಾರು ಶ್ರೀಲಂಕೆಯನ್ನು ಕೆಲವು ದಿನ ಮೊದಲೇ ಮುಟ್ಟುತ್ತದೆ. 2017ರ ಮೇ ಕೊನೆಯಲ್ಲಿ ನೈಋತ್ಯದ ಜಿಲ್ಲೆಗಳಲ್ಲಿ ಪ್ರವಾಹ ಮತ್ತು ಭೂಕುಸಿತಗಳಿಂದ 200ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಏಪ್ರಿಲ್‌ನಲ್ಲೂ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದುಂಟು, ಆದರೆ ಬೆಳಗಿನ ಹೊತ್ತು ಸಾಮಾನ್ಯವಾಗಿ ತಿಳಿಯಾಗಿರುತ್ತದೆ. ಏಪ್ರಿಲ್ 13, 14ರ ಹೊಸ ವರ್ಷದ ಆಸುಪಾಸಿನಲ್ಲಿ ಅಂಗಡಿಗಳು ಮುಚ್ಚಿ ಬಸ್ಸು, ರೈಲುಗಳು ತುಂಬಿರುವುದರಿಂದ ಆ ವಾರವನ್ನೂ ಬಿಡಿ.

ದಸರಾ ರಜೆಯನ್ನು ನಾನು ಒಪ್ಪುವುದಿಲ್ಲ. ಅಕ್ಟೋಬರ್, ನವೆಂಬರ್‌ಗಳು ಎರಡು ಮಾರುತಗಳ ನಡುವಿನ ಸಂಧಿಕಾಲ. ಆಗ ಮಳೆ ಯಾವ ದಿಕ್ಕನ್ನೂ ಬಿಡುವುದಿಲ್ಲ, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತಗಳ ಭಯವೂ ಇರುತ್ತದೆ.

ನಿಮ್ಮ ಪ್ರಶ್ನೆಯನ್ನು ಓದಿದಾಗ ಮಳೆಗಿಂತ ನನಗೆ ಹೆಚ್ಚು ಚಿಂತೆಯಾದದ್ದು ತಾಯಿಯವರ ಪಾದಗಳದ್ದು. ಅನುರಾಧಪುರದ ಸ್ತೂಪಗಳ ಪ್ರಾಂಗಣದಲ್ಲಿ ಬರಿಗಾಲಿನಲ್ಲೇ ನಡೆಯಬೇಕು, ಆ ಕಾಲದ ಬಿಸಿಲಿಗೆ ಅಲ್ಲಿನ ಕಲ್ಲುಹಾಸು ಕಾದ ಹೆಂಚಿನಂತಾಗುತ್ತದೆ. ಬೆಳಿಗ್ಗೆ ಎಂಟರೊಳಗೆ ದರ್ಶನ ಮುಗಿಸಿ, ಅವರಿಗೊಂದು ಜೊತೆ ದಪ್ಪ ಕಾಲುಚೀಲವನ್ನು ಮರೆಯದೆ ಕೊಂಡೊಯ್ಯಿರಿ.