ಅಟ್ಟದಲ್ಲಿ ಸಿಕ್ಕ ಟಸ್ಕನಿ ನಕಾಶೆ

ಪ್ರಶ್ನೆ: ನಮ್ಮ ಹಳೆಯ ಮನೆಯ ಅಟ್ಟದಲ್ಲಿದ್ದ ಪೆಟ್ಟಿಗೆಯಲ್ಲಿ ಇಟಲಿಯ ಟಸ್ಕನಿ ಪ್ರಾಂತ್ಯದ ನಕಾಶೆಯೊಂದು ಸಿಕ್ಕಿದೆ. ಹಿಂಬದಿಯಲ್ಲಿ ಲ್ಯಾಟಿನ್ ಬರಹವಿದೆ. ಇದು ಹದಿನಾರನೆಯ ಶತಮಾನದ್ದೇ? ಮಳೆಗಾಲಕ್ಕೆ ಮುಂಚೆ ಲ್ಯಾಮಿನೇಷನ್ ಮಾಡಿಸಬಹುದೇ?
– ಓದುಗರೊಬ್ಬರು, ಕಾರವಾರ

ಉತ್ತರ: ಲ್ಯಾಮಿನೇಷನ್ ಖಂಡಿತ ಬೇಡ. ಬಿಸಿಗೆ ಕರಗಿ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದ ಹರಿಯದಂತೆ ಬಿಡಿಸುವುದು ಬಹುಮಟ್ಟಿಗೆ ಆಗದ ಕೆಲಸ. ಅಂಚು ಸವೆದಿದೆಯೆಂದು ಕತ್ತರಿಯನ್ನೂ ಹಾಕಬೇಡಿ. ನಿಮ್ಮ ಮೊದಲ ಪ್ರಶ್ನೆಗೆ ಸುಳಿವಿರುವುದು ಆ ಅಂಚಿನಲ್ಲಿಯೇ.

ಆ ಕಾಲದ ಕೆತ್ತನೆಗಾರರು ತಾಮ್ರದ ತಗಡಿನ ಮೇಲೆ ಊರಿನ ಹೆಸರುಗಳನ್ನೂ ಬೆಟ್ಟಗಳನ್ನೂ ಎಡಬಲ ತಿರುವಿ ಕೊರೆಯುತ್ತಿದ್ದರು. ಕೊರೆದ ಗೆರೆಗಳಲ್ಲಿ ಮಸಿ ತುಂಬಿ, ಮೇಲ್ಮೈಯನ್ನು ಒರೆಸಿ, ಒದ್ದೆ ಮಾಡಿದ ಕಾಗದವನ್ನು ಹೊದಿಸಿ ಉರುಳೆಗಳ ನಡುವೆ ಒತ್ತಿ ತೆಗೆದಾಗ ತಗಡಿನ ಅಂಚು ಕಾಗದದಲ್ಲಿ ತಗ್ಗಾಗಿ ಉಳಿಯುತ್ತಿತ್ತು. ರಾತ್ರಿ ದೀಪ ಆರಿಸಿ, ಟಾರ್ಚಿನ ಬೆಳಕನ್ನು ಪಕ್ಕದಿಂದ ಕಾಗದಕ್ಕೆ ಸವರಿದಂತೆ ಹಾಯಿಸಿ ನೋಡಿ: ಚೌಕಟ್ಟಿನ ಹೊರಗೆ ಆ ತಗ್ಗು ಗೆರೆಯೂ, ಕಾಗದದಿಂದ ಕೂದಲೆಳೆಯಷ್ಟು ಮೇಲೆದ್ದ ಮಸಿಯೂ ಕಾಣಬೇಕು. ಹಗಲಿನಲ್ಲಿ ಕಿಟಕಿಗೆ ಹಿಡಿದರೆ ಕೈಯಿಂದ ಮಾಡಿದ ಕಾಗದದ ಒತ್ತೊತ್ತಾದ ಗೆರೆಗಳೂ, ಅವನ್ನು ಅಡ್ಡ ಹಾಯುವ ವಿರಳ ಗೆರೆಗಳೂ ತೋರುತ್ತವೆ. ಭೂತಗನ್ನಡಿಯಲ್ಲಿ ಚುಕ್ಕೆಗಳೇ ಕಂಡರೆ ಅದು ಇತ್ತೀಚಿನ ಮುದ್ರಣ.

ಹಿಂಬದಿಯ ಬರಹ ನೋಡಿದರೆ ನಿಮ್ಮದು ನಕಾಶೆ ಪುಸ್ತಕವೊಂದರ ಹಾಳೆಯಿರಬೇಕೆಂದು ನನ್ನ ಊಹೆ. ನಕಾಶೆಕಾರ ಆರ್ಟೀಲಿಯಸ್ 1570ರಲ್ಲಿ ಇಂದಿನ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಹೊರತಂದ ನಕಾಶೆ ಪುಸ್ತಕದಲ್ಲಿ, ಸಿಯೆನಾದ ಬೆಲ್ಲಾರ್ಮಾಟೊ 1536ರಲ್ಲಿ ರಚಿಸಿದ ಟಸ್ಕನಿ ನಕಾಶೆಯೇ ಚಿಕ್ಕದಾಗಿ ಸೇರಿದೆ. ಆ ಪುಸ್ತಕ ಹಲವು ಭಾಷೆಗಳಲ್ಲಿ 1612ರವರೆಗೂ ಮರುಮುದ್ರಣಗೊಂಡದ್ದರಿಂದಲೂ, ರಟ್ಟಿನೊಳಗೆ ಭದ್ರವಾಗಿದ್ದುದರಿಂದಲೂ ಅದರ ಹಾಳೆಗಳು ಇಂದಿಗೂ ಸಿಗುತ್ತವೆ. ನಿಜವಾಗಿ ವಿರಳವಾದವು ರೋಮ್, ವೆನಿಸ್ ನಗರಗಳಲ್ಲಿ ಬಿಡಿಯಾಗಿ ಮಾರಾಟವಾದ ನಕಾಶೆಗಳು. ಗೋಡೆಗೆ ಅಂಟಿಸಿಯೋ ಮಡಚಿ ಬಳಸಿಯೋ ಅವು ಸವೆದುಹೋದವು. ತಗಡುಗಳು ಒಬ್ಬರಿಂದೊಬ್ಬರಿಗೆ ಕೈಬದಲಾಗಿ, ಹಳೆಯ ಹೆಸರನ್ನು ಕೆರೆದು ಹೊಸ ಹೆಸರು ಕೊರೆಸಿಕೊಂಡು, ಕಡೆಗೆ ಎಷ್ಟೋ ಕರಗಿ ತಾಮ್ರವಾದವು. ಹಾಗೆಂದು ನಿಮ್ಮ ಹಾಳೆಯನ್ನು ಕಡೆಗಣಿಸಬೇಡಿ. ಅಟ್ಟದಲ್ಲಿ ಕರಾವಳಿಯ ಇಷ್ಟು ಮಳೆಗಾಲಗಳನ್ನು ಕಳೆದು ಉಳಿದ ಕಾಗದವೆಂಬುದೇ ನನಗೆ ದೊಡ್ಡ ಸಂತೋಷ.

ಆಮ್ಲವಿಲ್ಲದ ಕಾಗದದ ನಡುವೆ ಮಡಚದೆ ಇರಿಸಿ, ತೇವ ಹೀರುವ ಹೊರಗೋಡೆಯಿಂದ ದೂರವಿಡಿ. ಬೂಷ್ಟು ಹಿಡಿಯದಂತೆ ಮಳೆ ಬಿಟ್ಟ ದಿನಗಳಲ್ಲಿ ತೆರೆದು ನೋಡಿ. ಹಿಂಬದಿಯ ಬರಹದ ಕೊನೆಯ ಸಾಲುಗಳು ಮತ್ತು ಪುಟಸಂಖ್ಯೆಯ ಛಾಯಾಚಿತ್ರವನ್ನು ಕಳುಹಿಸಿದರೆ ಯಾವ ಆವೃತ್ತಿಯದೆಂದು ಹುಡುಕಬಹುದು.